ಮಂಕು ಮತ್ತು ಮೈಗಳ್ಳತನ

ಕುಮಟೆಯ ಕಡೆ ಮಧ್ಯಾಹ್ನದ ಹೊತ್ತಿನಲ್ಲಿ ಪಾಠ ಹೇಳಿದವರಿಗೆ ಒಂದು ನೋಟ ಚಿರಪರಿಚಿತ. ವಿದ್ಯಾರ್ಥಿಯ ಕಣ್ಣು ತೆರೆದಿರುತ್ತದೆ, ಲೇಖನಿ ಕೈಯಲ್ಲಿರುತ್ತದೆ. ಹೇಳಿದ ಮಾತು ಮಾತ್ರ ಒಳಕ್ಕೆ ಇಳಿಯುವುದಿಲ್ಲ. ಇಂಥವರನ್ನು ಮೈಗಳ್ಳರೆನ್ನುವುದು ನಮ್ಮ ವೃತ್ತಿಯ ಹಳೆಯ ರೂಢಿ. ನಾವೂ ಹಾಗೆ ಅಂದವರೇ. ತದಡಿಯಿಂದ ಅಘನಾಶಿನಿಯನ್ನು ದೋಣಿಯಲ್ಲಿ ದಾಟಿ ಬರುತ್ತಿದ್ದ ಒಬ್ಬ ವಿದ್ಯಾರ್ಥಿನಿ ಮೊದಲ ವರ್ಷದಲ್ಲಿ ಬಹಳ ಚುರುಕಾಗಿದ್ದಳು. ಎರಡನೆಯ ವರ್ಷ ಸರಳ ಲೋಲಕದ ಸೂತ್ರವನ್ನೂ ಮರೆಯತೊಡಗಿದಾಗ ಇಡೀ ತರಗತಿಯ ಎದುರಿನಲ್ಲಿ ಅವಳನ್ನು ಗದರಿಸಿದೆವು. ಕೆಲವು ವಾರಗಳ ತರುವಾಯ ಅವಳ ರಕ್ತಪರೀಕ್ಷೆಯಾಯಿತು. ಹಿಮೋಗ್ಲೋಬಿನ್ ಡೆಸಿಲೀಟರಿಗೆ 7 ಗ್ರಾಂ! ಹೆಂಗಸರಲ್ಲಿ ಅದು 12 ಗ್ರಾಮಿಗಿಂತ ಇಳಿದರೇ ರಕ್ತಹೀನತೆಯೆಂದು ಲೆಕ್ಕ.

ಇಂದು ಎಲ್ಲರ ಬಾಯಲ್ಲಿರುವ ‘ಬ್ರೈನ್ ಫಾಗ್’ ಒಂದು ರೋಗದ ಹೆಸರಲ್ಲ. ಅದೊಂದು ಅವಸ್ಥೆಯ ವರ್ಣನೆ. ಮಂಕು ಎಂಬ ನಮ್ಮ ಮಾತು ಅದಕ್ಕೆ ಧಾರಾಳವಾಗಿ ಸಾಕು. ಮಿದುಳಿನ ತೂಕ ದೇಹದ ತೂಕದಲ್ಲಿ ನೂರಕ್ಕೆ 2 ಪಾಲಾದರೂ, ವಿಶ್ರಾಂತಿಯಲ್ಲಿರುವ ದೇಹದ ಶಕ್ತಿವೆಚ್ಚದಲ್ಲಿ ಅದರ ಪಾಲು ಸುಮಾರು 20. ಆಮ್ಲಜನಕವನ್ನು ಕೂಡಿಟ್ಟುಕೊಳ್ಳುವ ಉಗ್ರಾಣ ಅದಕ್ಕಿಲ್ಲ. ರಕ್ತ ಹೊತ್ತು ತಂದಷ್ಟೇ ಗತಿ. ಥೈರಾಯ್ಡ್ ರಸದ ಕೊರತೆ, ಬಿ12 ಜೀವಸತ್ವದ ಅಭಾವ, ನಿದ್ರಾಭಂಗ, ಮನೋವ್ಯಥೆ, ನೆಗಡಿಗೆ ನುಂಗುವ ಕೆಲವು ಮಾತ್ರೆಗಳು ಕೂಡ ಮಂಕು ತರಬಲ್ಲವು. 2020ರಿಂದೀಚೆಗೆ ಕೋವಿಡ್ ವಾಸಿಯಾದ ಮೇಲೂ ಎಷ್ಟೋ ಮಂದಿ ತಿಂಗಳುಗಟ್ಟಲೆ ಇದನ್ನು ಅನುಭವಿಸಿದ್ದಾರೆ. ಜ್ವರದೊಡನೆ ಅಥವಾ ಥಟ್ಟನೆ ಬಂದ ಗೊಂದಲದ ಮಾತು ಬೇರೆ. ಅಂಥವರನ್ನು ಅಂದೇ ಆಸ್ಪತ್ರೆಗೆ ಒಯ್ಯಬೇಕು.

ಕರಾವಳಿಯಲ್ಲಿ ಇವೆಲ್ಲದರ ಜೊತೆಗೆ ಸೆಕೆಯೂ ಸೇರುತ್ತದೆ. ಬೆವರು ಸುರಿಯುವುದರಿಂದ ಮೈ ತಣಿಯುವುದಿಲ್ಲ, ಆರುವುದರಿಂದ ತಣಿಯುತ್ತದೆ. ಒಂದು ಗ್ರಾಂ ಬೆವರು ಆವಿಯಾಗುವಾಗ ಸುಮಾರು 2400 ಜೂಲ್ ಶಾಖವನ್ನು ಒಯ್ಯುತ್ತದೆ. ನೆಲಕ್ಕೆ ತೊಟ್ಟಿಕ್ಕಿದರೆ ಆ ಲಾಭವಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಹೊನ್ನಾವರ, ಭಟ್ಕಳಗಳ ಗಾಳಿ ಮೊದಲೇ ನೀರಾವಿಯಿಂದ ತುಂಬಿರುವಾಗ ಬೆವರು ಆರುವುದೆಲ್ಲಿ? ನೀರು ಮತ್ತು ಉಪ್ಪು ಎರಡೂ ನಷ್ಟವಾಗುತ್ತವೆ, ರಾತ್ರಿ ನಿದ್ದೆಯೂ ಕೆಡುತ್ತದೆ. ಭೌತಶಾಸ್ತ್ರವನ್ನು ಮಧ್ಯಾಹ್ನ ಎರಡು ಗಂಟೆಗೆ ಇಡುವ ಮಹನೀಯರು ಈ ಪಾಠವನ್ನು ಮರೆತಿರಬೇಕು.

ಮಂಕಿಗೆ ಮದ್ದೆಂದು ಬುದ್ಧಿವರ್ಧಕ ಪುಡಿಗಳನ್ನು ಕೊಳ್ಳುವ ತಂದೆತಾಯಿಗಳನ್ನು ಕಂಡು ನಮಗೆ ಮರುಕವಾಗುತ್ತದೆ. ಒಂದೆಲಗದ ತಂಬುಳಿ ರುಚಿಯಾದ ಪದಾರ್ಥ, ನಾವೂ ಉಣ್ಣುತ್ತೇವೆ. ಆದರೆ 7 ಗ್ರಾಮನ್ನು 12ಕ್ಕೆ ಏರಿಸುವ ಹೊಣೆಯನ್ನು ಅದರ ಮೇಲೆ ಹೊರಿಸಲಾಗದು. ಸಮುದ್ರದ ಉಪ್ಪಿನಲ್ಲಿ ಅಯೋಡಿನ್ ಇದ್ದೇ ಇರುತ್ತದೆಂಬ ನಂಬಿಕೆಯೂ ಅಂಥದೇ. ಬೇರೆಯಾಗಿ ಬೆರೆಸದ ಹೊರತು ಉಪ್ಪಿನಲ್ಲಿ ಉಳಿಯುವುದು ಅತ್ಯಲ್ಪ. ಆ ಹುಡುಗಿಯ ಮನೆಯವರು ಇಳಿತದ ಹೊತ್ತಿನಲ್ಲಿ ಅಳಿವೆಗೆ ಇಳಿದು ಬಳಚು ಹೆಕ್ಕುವವರು. ಬಳಚಿನಲ್ಲಿ ಕಬ್ಬಿಣವೂ ಬಿ12 ಕೂಡ ಉಂಟು. ಹೆಕ್ಕಿದುದೆಲ್ಲ ಪೇಟೆಗೆ ಹೋಗುತ್ತಿತ್ತು. ಮನೆಯಲ್ಲಿ ಗಂಜಿ, ಉಪ್ಪಿನಕಾಯಿ, ಊಟದ ಬೆನ್ನಿಗೇ ಚಹಾ. ಈ ಚಹಾ ಊಟದಲ್ಲಿರುವ ಅಲ್ಪ ಕಬ್ಬಿಣವನ್ನೂ ದೇಹಕ್ಕೆ ದಕ್ಕಗೊಡದು.

ಇದು ಒಬ್ಬಳ ಕಥೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿ ರಕ್ತಹೀನರು. ಹಾಜರಿ ಕಡಿಮೆಯಾದರೆ ನೋಟೀಸು ಕಳುಹಿಸುವ ಕಾಲೇಜು, ವರ್ಷಕ್ಕೊಮ್ಮೆ ಒಂದು ಹನಿ ರಕ್ತವನ್ನು ಪರೀಕ್ಷಿಸಲು ಏಕೆ ಹಿಂಜರಿಯಬೇಕು? ಪ್ರಯೋಗಶಾಲೆಯಲ್ಲಿ ಅಳೆಯದೆ ತೀರ್ಮಾನ ಬರೆದವರಿಗೆ ನಾವು ಅಂಕ ಕೊಡುವುದಿಲ್ಲ. ಮಕ್ಕಳ ವಿಷಯದಲ್ಲಿ ಮಾತ್ರ ಅಳೆಯದೆಯೇ ತೀರ್ಪು ಕೊಡುತ್ತೇವೆ.

ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆಗಳನ್ನು ಹುಡುಗಿ ತಿಂಗಳುಗಟ್ಟಲೆ ತಪ್ಪದೆ ನುಂಗಿದಳು. ಮುಂದಿನ ಅವಧಿಯಲ್ಲಿ ಲೋಲಕದ ಸೂತ್ರವನ್ನು ಕರಿಹಲಗೆಯ ಮೇಲೆ ತಾನಾಗಿ ಸಾಧಿಸಿ ತೋರಿಸಿದಳು. ನಾವು ಅವಳ ಕ್ಷಮೆ ಕೇಳಿದೆವು. ಆದರೆ ಗದರಿಸಿದ್ದ ತರಗತಿಯಲ್ಲಿ ಅಲ್ಲ, ಯಾರೂ ಇಲ್ಲದ ಮೊಗಸಾಲೆಯಲ್ಲಿ.