ರಕ್ತ ಅವರದು, ಒಡೆತನ ಯಾರದು?

ನೂಲು ತೆಗೆದವನ ಮೈಮೇಲೆ ಬಟ್ಟೆಯಿಲ್ಲವೆಂಬುದು ಗಿರಣಿಯ ಬಂಧುಗಳಿಗೆ ಹೊಸ ಸುದ್ದಿಯಲ್ಲ. ಆದರೆ ಮನುಷ್ಯನ ರಕ್ತವನ್ನೇ ಕಚ್ಚಾ ಮಾಲು ಮಾಡಿಕೊಂಡ ಸಂಗತಿಯೂ ಒಂದುಂಟು.

ಪಾಪುವಾ ನ್ಯೂಗಿನಿಯ ಬೆಟ್ಟಗಳಲ್ಲಿ ಹಗಹಾಯ್ ಎಂಬ ಕೆಲವೇ ನೂರು ಜನರ ಬುಡಕಟ್ಟಿದೆ. 1989ರಲ್ಲಿ ಸಂಶೋಧಕರು ಇವರ ರಕ್ತ ತೆಗೆದರು. ಅವರಲ್ಲೊಬ್ಬನ ರಕ್ತದಿಂದ ಬೆಳೆಸಿದ ಜೀವಕೋಶಗಳ ಮೇಲೆ ಅಮೆರಿಕದ ಸರ್ಕಾರ 1995ರ ಮಾರ್ಚಿನಲ್ಲಿ ತನ್ನ ಹೆಸರಿಗೆ ಪೇಟೆಂಟ್ ಪಡೆಯಿತು. ಲಾಭ ಬಂದರೆ ಆ ಜನರಿಗೂ ಪಾಲುಂಟು ಎಂದು ಸಮರ್ಥನೆ ಬಂತು. ಲೋಕದ ನಾನಾ ಕಡೆ ಕೂಗೆದ್ದ ಮೇಲೆ, 1996ರಲ್ಲಿ ಆ ಹಕ್ಕನ್ನು ಬಿಟ್ಟುಕೊಡಬೇಕಾಯಿತು.

ಆ ದ್ವೀಪದವರ ರಕ್ತಕ್ಕೆ ಈಗ ಇನ್ನೊಂದು ಬೆಲೆ ಬಂದಿದೆ. ಸೈಬೀರಿಯದ ಡೆನಿಸೋವಾ ಗುಹೆಯಲ್ಲಿ ಸಿಕ್ಕ ಬೆರಳ ಮೂಳೆಯ ಚೂರೊಂದರಿಂದ, ಅಳಿದುಹೋದ ಒಂದು ಮಾನವ ಕುಲದ ಗುರುತು 2010ರಲ್ಲಿ ಹತ್ತಿತು. ಆ ಕುಲದ ಅಂಶ ಪಾಪುವಾದವರ ವಂಶವಾಹಿಯಲ್ಲಿ ನೂರಕ್ಕೆ ಮೂರು ನಾಲ್ಕು ಪಾಲಿದೆ. ಇದನ್ನು ಕೇಳಿ ಅವರನ್ನು ಕಾಡುಮನುಷ್ಯರೆಂದು ಯಾರೂ ಮೂಗು ಮುರಿಯಬೇಕಾಗಿಲ್ಲ. ಯೂರೋಪಿನ ಬಿಳಿಯರಲ್ಲಿಯೂ ನಮ್ಮಲ್ಲಿಯೂ ನಿಯಾಂಡರ್ತಲ್ ಎಂಬ ಮತ್ತೊಂದು ಕುಲದ ಅಂಶ ನೂರಕ್ಕೆ ಸುಮಾರು ಎರಡು ಪಾಲು ಇದ್ದೇ ಇದೆ. ಶುದ್ಧ ರಕ್ತದ ಜಂಭ ಯಾವ ಜಾತಿಗೂ, ಯಾವ ಬಣ್ಣಕ್ಕೂ ಉಳಿದಿಲ್ಲ.

ಹಾಗಾದರೆ ಸಂಶೋಧನೆಯೇ ಬೇಡವೆ? ಬೇಕು. ರೋಗ ಮತ್ತು ವಂಶವಾಹಿಯ ನಂಟು ಹುಡುಕುವ ಪರೀಕ್ಷೆಗಳಲ್ಲಿ ಪಾಲ್ಗೊಂಡವರಲ್ಲಿ ನೂರಕ್ಕೆ 81 ಜನ ಯೂರೋಪು ಮೂಲದವರೇ ಎಂದು 2016ರ ಲೆಕ್ಕ ಹೇಳಿತು. ಒಂದೇ ಕೇರಿಯವರ ಅಳತೆ ಹಿಡಿದು ಊರಿಗೆಲ್ಲ ಅಂಗಿ ಹೊಲಿದರೆ ಮಿಕ್ಕವರಿಗೆ ಹೊಂದೀತೆ? ಲೆಕ್ಕದಿಂದ ಹೊರಗುಳಿದವನಿಗೆ ಔಷಧದಲ್ಲಿಯೂ ನಷ್ಟ.

ಆದುದರಿಂದ ಪ್ರಶ್ನೆ ರಕ್ತ ಕೊಡುವುದೋ ಬಿಡುವುದೋ ಎಂಬುದಲ್ಲ. ಯಾವ ಕರಾರಿನ ಮೇಲೆ ಎಂಬುದು. ಬಾಕಿ ಪುಸ್ತಕ ಒಬ್ಬನ ಕೈಯಲ್ಲೇ ಇದ್ದರೆ ಲೆಕ್ಕ ಸರಿಯಿರದೆಂದು ಅಂಗಡಿಕಾರ ಬಲ್ಲ. ದಕ್ಷಿಣ ಆಫ್ರಿಕದ ಸಾನ್ ಜನರು 2017ರಲ್ಲಿ ತಾವೇ ಸಂಶೋಧಕರಿಗೆ ನಿಯಮ ಬರೆದರು: ಗೌರವ, ಪ್ರಾಮಾಣಿಕತೆ, ನ್ಯಾಯ, ಕಾಳಜಿ. ನಮ್ಮನ್ನು ಮೊದಲು ಕೇಳಿ, ನಮಗೆ ತಿಳಿಯುವ ಮಾತಿನಲ್ಲಿ ಹೇಳಿ, ಕಂಡದ್ದನ್ನು ಮರಳಿ ಬಂದು ತಿಳಿಸಿ, ಫಲದಲ್ಲಿ ಪಾಲು ಕೊಡಿ ಎಂಬುದೇ ಅದರ ತಿರುಳು.

ಇದು ಭಿಕ್ಷೆಯಲ್ಲ, ಕೂಲಿಯ ಕರಾರಿನಷ್ಟೇ ನ್ಯಾಯವಾದ ಬೇಡಿಕೆ. ಹೆಬ್ಬೆಟ್ಟು ಒತ್ತಿಸಿಕೊಂಡ ಮಾತ್ರಕ್ಕೆ ಒಪ್ಪಿಗೆಯಾಗದು. ಕೂಡದೆಂದು ಹೇಳುವ ಬಲವೂ ಆ ಕೈಗೆ ಇರಬೇಕು.