ಪುಸ್ತಕ ತುಂಬಿದ ಕಪಾಟು ಬೀಳುವುದೇ ಇಲ್ಲವೇ? ಕಾರ್ಪೆಟ್ ಮೇಲೆ ಇಡುವ ಮುನ್ನ ತಿಳಿದಿರಲಿ

"ಕಪಾಟಿನ ತುಂಬ ಪುಸ್ತಕ ಇದೆ, ಅಷ್ಟು ಭಾರದ್ದು ಎಲ್ಲಿ ಬೀಳುತ್ತೆ ಬಿಡಿ." ಗೋಡೆಗೆ ತೂತು ಕೊರೆಯುವುದು ಬೇಡ ಎನ್ನುವವರಿಂದ ಈ ಮಾತು ಕೇಳಿಯೇ ಇರುತ್ತೀರಿ. "ಕೆಳಗೆ ಕಾರ್ಪೆಟ್ ಇದ್ದರೆ ಜಾರುವುದಿಲ್ಲ, ಇನ್ನೂ ಭದ್ರ" ಎಂಬ ಮಾತೂ ಇದರ ಜೊತೆಗೇ ಬರುತ್ತದೆ. ಇವು ಎಷ್ಟು ನಿಜ? ನಾವು ಲೆಕ್ಕ ಹಾಕಿ ನೋಡೋಣ.

ಭಾರ ಇದ್ದರೆ ಸಾಲದು, ಅದು ಎಲ್ಲಿದೆ ಎಂಬುದು ಮುಖ್ಯ

180 ಸೆಂ.ಮೀ. ಎತ್ತರ, 30 ಸೆಂ.ಮೀ. ಆಳದ ಒಂದು ಕಪಾಟನ್ನು ಊಹಿಸಿಕೊಳ್ಳಿ. ಎಲ್ಲ ಅರೆಗಳಲ್ಲೂ ಸಮನಾಗಿ ಪುಸ್ತಕ ತುಂಬಿದ್ದೇವೆ, ಒಟ್ಟು ತೂಕ 60 ಕೆ.ಜಿ. ಆಗ ಗುರುತ್ವ ಕೇಂದ್ರ ನೆಲದಿಂದ 90 ಸೆಂ.ಮೀ. ಎತ್ತರದಲ್ಲಿ, ಮುಂದಿನ ಅಂಚಿನಿಂದ 15 ಸೆಂ.ಮೀ. ಒಳಗೆ ಇರುತ್ತದೆ. ಕಪಾಟು ಮುಂದಕ್ಕೆ ಮಗುಚುವಾಗ ಕೆಳಗಿನ ಮುಂದಿನ ಅಂಚಿನ ಮೇಲೆ ತಿರುಗುತ್ತದೆ. ಹಾಗಾಗಿ ಬೀಳದಂತೆ ಅದನ್ನು ಹಿಡಿದಿಡುವುದು ಬರೀ 60 ಕೆ.ಜಿ. ಅಲ್ಲ, 60 ಕೆ.ಜಿ. ಗುಣಿಸು ಆ 15 ಸೆಂ.ಮೀ.

ಈಗ ಯಾರೋ 150 ಸೆಂ.ಮೀ. ಎತ್ತರದ ಅರೆಯನ್ನು ಹಿಡಿದು ಎಳೆದರು ಎನ್ನಿ. ಕಪಾಟಿನ ಹಿಂಭಾಗ ನೆಲ ಬಿಟ್ಟೇಳಲು ಎಷ್ಟು ಬಲ ಬೇಕು? 60 × 15 ÷ 150, ಅಂದರೆ 6 ಕೆ.ಜಿ. ತೂಕದಷ್ಟು ಬಲ ಮಾತ್ರ. ಬಿಗಿಯಾಗಿ ತುರುಕಿದ ದಪ್ಪ ನಿಘಂಟನ್ನು ಜಗ್ಗುವಾಗ ಅಷ್ಟು ಬಲ ಬೀಳಬಹುದು. ಒಮ್ಮೆ ಹಿಂಭಾಗ ಎದ್ದರೆ ಮುಂದೆ ಇನ್ನೂ ಕಡಿಮೆ ಬಲ ಸಾಕು.

ಕಾರ್ಪೆಟ್ ಏನು ಮಾಡುತ್ತದೆ?

ನಮ್ಮ ಊರುಗಳಲ್ಲಿ ಮನೆಯ ನೆಲ ಹೆಚ್ಚಾಗಿ ಟೈಲ್ಸ್, ಗ್ರಾನೈಟ್ ಅಥವಾ ರೆಡ್ ಆಕ್ಸೈಡ್. ಆದರೆ ಅಮೆರಿಕದಂತಹ ದೇಶಗಳಲ್ಲಿ ಇರುವ ನಮ್ಮವರ ಎಷ್ಟೋ ಬಾಡಿಗೆ ಮನೆಗಳಲ್ಲಿ ಗೋಡೆಯಿಂದ ಗೋಡೆಗೆ ಕಾರ್ಪೆಟ್ ಇರುತ್ತದೆ. ಅದರ ಅಡಿಯಲ್ಲಿ ಮೆತ್ತನೆಯ ಪ್ಯಾಡ್ ಇರುತ್ತದೆ. ಗೋಡೆಯ ಉದ್ದಕ್ಕೂ ಮಾತ್ರ, ಕಾರ್ಪೆಟನ್ನು ಕಚ್ಚಿ ಹಿಡಿಯಲು ಸಣ್ಣ ಮೊಳೆಗಳಿರುವ ಮರದ ಪಟ್ಟಿ ಹೊಡೆದಿರುತ್ತಾರೆ.

ಕಪಾಟನ್ನು ಗೋಡೆಗೆ ಒತ್ತಿ ಇಟ್ಟಾಗ ಹಿಂಭಾಗ ಆ ಗಟ್ಟಿ ಪಟ್ಟಿಯ ಮೇಲೆ ಅಥವಾ ಅದರ ಪಕ್ಕದಲ್ಲೇ ನಿಲ್ಲುತ್ತದೆ. ಮುಂಭಾಗ ಮೆತ್ತನೆಯ ಪ್ಯಾಡ್ ಮೇಲೆ ಕೂತು ದಿನ ಕಳೆದಂತೆ ಒಳಕ್ಕೆ ಇಳಿಯುತ್ತದೆ. ಹೀಗೆ ಮುಂಭಾಗ 1 ಸೆಂ.ಮೀ. ಇಳಿದರೂ ಕಪಾಟಿನ ನೆತ್ತಿ 6 ಸೆಂ.ಮೀ. ಮುಂದಕ್ಕೆ ಬಾಗುತ್ತದೆ. ಗುರುತ್ವ ಕೇಂದ್ರ 3 ಸೆಂ.ಮೀ. ಮುಂದೆ ಬರುತ್ತದೆ. ಹದಿನೈದಿದ್ದದ್ದು ಹನ್ನೆರಡಾಯಿತು, ಐದರಲ್ಲಿ ಒಂದು ಪಾಲು ಭದ್ರತೆ ಹೋಯಿತು. ಅಂದರೆ ಕಾರ್ಪೆಟ್ ಮೇಲೆ ಕಪಾಟು ಜಾರದೆ ಇರಬಹುದು, ಆದರೆ ಮುಗ್ಗರಿಸುವುದು ಸುಲಭವಾಗುತ್ತದೆ.

ಮಗು ಹತ್ತಿದರೆ?

ಅರ್ಧ ಖಾಲಿಯಾದ, ಒಟ್ಟು 25 ಕೆ.ಜಿ. ತೂಗುವ ಅದೇ ಅಳತೆಯ ಕಪಾಟು ಎನ್ನಿ. 15 ಕೆ.ಜಿ. ತೂಕದ ಮಗು ಅರೆಗಳನ್ನು ಏಣಿಯಂತೆ ಹತ್ತಿದೆ, ಅದರ ಭಾರ ಮುಂದಿನ ಅಂಚಿನಿಂದ 20 ಸೆಂ.ಮೀ. ಆಚೆ ಇದೆ. ಉರುಳಿಸುವ ಕಡೆ 15 × 20 = 300. ಗಟ್ಟಿ ನೆಲದಲ್ಲಿ ಹಿಡಿದಿಡುವ ಕಡೆ 25 × 15 = 375, ಕಪಾಟು ನಿಲ್ಲುತ್ತದೆ. ಕಾರ್ಪೆಟ್ ಮೇಲೆ 25 × 12 = 300. ತಕ್ಕಡಿ ಸಮ! ಮಗು ಇನ್ನೊಂದು ಚೂರು ಹಿಂದಕ್ಕೆ ವಾಲಿದರೆ ಕಪಾಟು ಅದರ ಮೇಲೆಯೇ ಬೀಳುತ್ತದೆ.

ಇದು ಬರೀ ಕಾಗದದ ಲೆಕ್ಕವಲ್ಲ. ಮಕ್ಕಳ ಸಾವುಗಳ ನಂತರ 2016ರಲ್ಲಿ ಐಕಿಯಾ ಕಂಪನಿ ಅಮೆರಿಕದಲ್ಲಿ ಸುಮಾರು 2.9 ಕೋಟಿ ಡ್ರಾಯರ್ ಕಪಾಟುಗಳನ್ನು ಹಿಂಪಡೆಯುವುದಾಗಿ ಪ್ರಕಟಿಸಿತು. 2022ರ ಡಿಸೆಂಬರ್‌ನಲ್ಲಿ ಅಲ್ಲಿ 'ಸ್ಟರ್ಡಿ' ಕಾಯ್ದೆ ಬಂತು. ಅದರಡಿ 2023ರ ಸೆಪ್ಟೆಂಬರ್‌ನಿಂದ ಕಡ್ಡಾಯವಾದ ಪರೀಕ್ಷೆಗಳಲ್ಲಿ ಸುಮಾರು 27 ಕೆ.ಜಿ. ತೂಕದವರೆಗಿನ ಮಕ್ಕಳ ಭಾರವನ್ನೂ, ಕಾರ್ಪೆಟ್ ನೆಲದ ಪರಿಣಾಮವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಆದರೆ ಗಮನಿಸಿ: ಈ ನಿಯಮ ಬಟ್ಟೆ ಇಡುವ ಕಪಾಟುಗಳಿಗೆ. ಪುಸ್ತಕದ ಕಪಾಟು ಇದರ ವ್ಯಾಪ್ತಿಗೆ ಬರುವುದಿಲ್ಲ. ಆ ಎಚ್ಚರಿಕೆಯನ್ನು ನಾವೇ ವಹಿಸಬೇಕು.

ಊರಿನ ಮನೆಗಳಲ್ಲಿ ಚಿಂತೆ ಇಲ್ಲವೇ?

ಇದೆ. ನೀರು ಹರಿಯಲೆಂದು ವಾಟ ಕೊಟ್ಟ ನೆಲದಲ್ಲಿ ಕಪಾಟಿನ ಮುಂಭಾಗ ತಗ್ಗಿನ ಕಡೆಗಿದ್ದರೆ ಆಗುವುದೂ ಇದೇ. ಹಿಂದಿನ ಕಾಲುಗಳ ಅಡಿಗೆ ಮಾತ್ರ ಜಮಖಾನದ ಅಂಚು ಸಿಕ್ಕಿಕೊಂಡಿದ್ದರೂ ಅಷ್ಟೇ. ಗೋಡೆಯ ಬುಡದ ಸ್ಕರ್ಟಿಂಗ್ ಕಪಾಟನ್ನು ಗೋಡೆಯಿಂದ ದೂರ ನಿಲ್ಲಿಸುವುದರಿಂದ, ಗೋಡೆಗೆ ಒರಗಿದೆ ಎಂದುಕೊಂಡದ್ದು ಒರಗಿರುವುದೇ ಇಲ್ಲ.

ಏನು ಮಾಡಬೇಕು?

• ಮೊದಲು ಪರೀಕ್ಷಿಸಿ. ದಾರದ ತುದಿಗೆ ಬೀಗದ ಕೈ ಕಟ್ಟಿ, ಕಪಾಟಿನ ಮೇಲಿನ ಮುಂದಿನ ಅಂಚಿನಿಂದ ಇಳಿಬಿಡಿ. ಬೀಗದ ಕೈ ಬುಡಕ್ಕಿಂತ ಮುಂದೆ ತೂಗಾಡಿದರೆ ಕಪಾಟು ಮುಂದಕ್ಕೆ ವಾಲಿದೆ.

• ಮುಂಭಾಗದ ಅಡಿಗೆ ಮರದ ಅಥವಾ ಗಟ್ಟಿ ಪ್ಲಾಸ್ಟಿಕ್ಕಿನ ತೆಳು ಬೆಣೆ ಕೊಟ್ಟು, ಕಪಾಟು ತುಸು ಗೋಡೆಯ ಕಡೆಗೆ ವಾಲುವಂತೆ ಮಾಡಿ. ರಟ್ಟು ಮಡಚಿ ಇಡಬೇಡಿ, ಅದು ಕುಸಿಯುತ್ತದೆ. ಬೆಣೆ ಕೊಡುವ ಮೊದಲು ಭಾರದ ಪುಸ್ತಕಗಳನ್ನು ಇಳಿಸಿಕೊಳ್ಳಿ.

• ದಪ್ಪ ಪುಸ್ತಕಗಳು ಕೆಳಗಿನ ಅರೆಗೆ, ಹಗುರವಾದವು ಮೇಲಕ್ಕೆ. ಆಟಿಕೆ, ರಿಮೋಟ್, ಚಾಕೊಲೇಟ್ ಮೇಲಿಡಬೇಡಿ. ಮಗು ಹತ್ತುವುದು ಅದಕ್ಕಾಗಿಯೇ.

• ಕೊನೆಯದು, ಆದರೆ ಎಲ್ಲಕ್ಕಿಂತ ಮುಖ್ಯ: ಕಪಾಟಿನ ಮೇಲ್ಭಾಗವನ್ನು ಗೋಡೆಗೆ ಬಿಗಿಯಿರಿ. ಎಲ್ ಆಕಾರದ ಕ್ಲಾಂಪ್ ಅಥವಾ ಪಟ್ಟಿ ಸಾಕು. ಇಟ್ಟಿಗೆ ಗೋಡೆಯಾದರೆ ಡ್ರಿಲ್ ಮಾಡಿ ಪ್ಲಗ್ ಹಾಕಿ ಸ್ಕ್ರೂ ಬಿಗಿಯಬೇಕು. ಅಮೆರಿಕದ ಮನೆಗಳ ಜಿಪ್ಸಂ ಹಲಗೆಯ ಗೋಡೆಯಲ್ಲಿ ಸ್ಕ್ರೂ ಅದರ ಹಿಂದಿನ ಮರದ ಕಂಬಕ್ಕೆ ಇಳಿಯಬೇಕು. ಕಪಾಟಿನ ಹಿಂದಿನ ತೆಳು ಹಲಗೆಗೆ ಸ್ಕ್ರೂ ಹಾಕಬೇಡಿ, ಗಟ್ಟಿ ಚೌಕಟ್ಟಿಗೆ ಹಾಕಿ.

ಬಾಡಿಗೆ ಮನೆಯೇ? ಮಾಲೀಕರನ್ನು ಒಂದು ಮಾತು ಕೇಳಿ. ಸ್ಕ್ರೂ ತೂತನ್ನು ಮನೆ ಬಿಡುವಾಗ ಪುಟ್ಟಿ ಹಚ್ಚಿ ಮುಚ್ಚಬಹುದು. ಒಪ್ಪದಿದ್ದರೆ ಎತ್ತರದ ಕಪಾಟಿನ ಬದಲು ತಗ್ಗಾದ, ಅಗಲ ಬುಡದ ಕಪಾಟು ಇಟ್ಟುಕೊಳ್ಳಿ.

ಹಾಗಾಗಿ "ಭಾರ ಇದ್ದರೆ ಬೀಳುವುದಿಲ್ಲ" ಎಂಬುದು ಅರ್ಧ ಸತ್ಯ ಮಾತ್ರ. ತುಂಬಿದ ಕಪಾಟು ಖಾಲಿ ಕಪಾಟಿನಷ್ಟು ಸುಲಭಕ್ಕೆ ಉರುಳದು, ಆದರೆ ಉರುಳಿದರೆ ಆ 60 ಕೆ.ಜಿ.ಯೂ ಎದುರಿಗಿದ್ದವರ ಮೇಲೆಯೇ. ಚಿಕ್ಕ ಮಕ್ಕಳಿರುವ ಮನೆಯವರಿಗೆ ಇದನ್ನು ಕಳುಹಿಸಿ. ಅದಕ್ಕೂ ಮೊದಲು ನಿಮ್ಮ ಮನೆಯ ಕಪಾಟಿಗೆ ದಾರ ಇಳಿಬಿಟ್ಟು ನೋಡಿ.