ತೋಟದ ಎಂಜಿನೂ ಯಜಮಾನರ ಕರ್ತವ್ಯವೂ

ಪುತ್ತಿಗೆಯ ಸುತ್ತಣ ಅಡಕೆ ತೋಟಗಳಲ್ಲಿ ಕೊಳೆರೋಗಕ್ಕೆ ಮದ್ದು ಬಿಡುವ ಪಂಪುಗಳಿಗೆ ಪೆಟ್ರೋಲ್ ಎಂಜಿನನ್ನು ಜೋಡಿಸುವ ಪದ್ಧತಿಯು ಬಳಕೆಗೆ ಬಂದಿರುವುದು ಸಂತೋಷದ ಸಂಗತಿಯೇ. ಆದರೆ ಎಂಜಿನು ಕೆಟ್ಟು ನಿಂತೊಡನೆ ದೋಷವನ್ನೆಲ್ಲ ಆಳಿನ ತಲೆಗೆ ಕಟ್ಟುವ ವಾಡಿಕೆಯೂ ಜತೆಗೇ ಬಂದಿದೆ. ಮಾನ್ಯ ಜಮೀನುದಾರರು ಮುನಿಯಬಾರದು. ನನ್ನ ಅಭಿಪ್ರಾಯದಲ್ಲಿ ದೋಷವು ಬಹುಮಟ್ಟಿಗೆ ಯಜಮಾನರದು. ಯಂತ್ರದೊಳಗೆ ನಡೆಯುವುದೇನೆಂದು ತಾವೂ ತಿಳಿಯರು, ಆಳಿಗೂ ತಿಳಿಸರು.

ಕೆಲವು ವರ್ಷಗಳ ಕೆಳಗೆ ನಾನೊಂದು ತೋಟಕ್ಕೆ ಹೋಗಿದ್ದೆನು. ಮಳೆ ಹೊಳವಾಗಿದ್ದಿತು. ಮೈಲುತುತ್ತೂ ಸುಣ್ಣವೂ ಕೂಡಿದ ಬೋರ್ಡೋ ದ್ರಾವಣವು ಸಿದ್ಧವಾಗಿ, ಮದ್ದು ಬಿಡುವವನು ಮರವನ್ನೂ ಏರಿದ್ದನು. ಅಷ್ಟರಲ್ಲಿ ಎಂಜಿನು ಕಚ್ಚಿಕೊಂಡು ನಿಂತಿತು. ಎಣ್ಣೆ ಅಳೆಯುವ ಕಡ್ಡಿಯನ್ನು ತೆಗೆದು ನೋಡಿದರೆ ಒಣಗಿದ್ದಿತು. "ಪೆಟ್ರೋಲಿಗೇ ಎಣ್ಣೆ ಬೆರೆಸಿದ್ದೇವಲ್ಲ!" ಎಂದರು ಯಜಮಾನರು. ಅವರ ಹಳೆಯ ಎಂಜಿನು ಎರಡು ನಡೆಯದು, ಹೊಸದು ನಾಲ್ಕು ನಡೆಯದು. ಕಲಸಿದ ಮದ್ದನ್ನು ಆ ದಿನವೇ ಬಿಡಬೇಕಾದುದರಿಂದ ಅದೂ ವ್ಯರ್ಥವಾಯಿತು. ಮರುದಿನ ಮಳೆ ಹಿಡಿಯಿತು.

ಜರ್ಮನಿಯ ನಿಕೊಲಸ್ ಆಟೋ 1876ರಲ್ಲಿ ನಡೆಯಿಸಿ ತೋರಿಸಿದ ನಾಲ್ಕು ನಡೆಯ ಎಂಜಿನಿನಲ್ಲಿ, ಸಿಲಿಂಡರೆಂಬ ಕೊಳವೆಯೊಳಗೆ ಪಿಸ್ಟನ್ನು ಮೇಲೆ ಕೆಳಗೆ ಆಡುವುದು. ಮೊದಲು ಕೆಳಗಿಳಿಯುವಾಗ ಒಂದು ಕವಾಟವು ತೆರೆದು, ಕಾರ್ಬ್ಯುರೇಟರಿನಲ್ಲಿ ಬೆರೆತ ಪೆಟ್ರೋಲೂ ಗಾಳಿಯೂ ತಿದಿಗೆ ಗಾಳಿ ಹೊಕ್ಕಂತೆ ಒಳಸೇರುವುವು. ಮೇಲೇರುವಾಗ ಎರಡು ಕವಾಟಗಳೂ ಮುಚ್ಚಿ ಆ ಮಿಶ್ರಣವು ಅಡಕವಾಗುವುದು. ಆ ಏರಿಕೆಯ ಕೊನೆಯಲ್ಲಿ ಪ್ಲಗ್ಗಿನ ಕಿಡಿ ತಗಲಿ, ಹೊತ್ತಿದ ಅನಿಲವು ಉಬ್ಬಿ ಪಿಸ್ಟನ್ನನ್ನು ಕೆಳಗೆ ನೂಕುವುದು. ದುಡಿಯುವ ನಡೆ ಇದೊಂದೇ. ನಾಲ್ಕನೆಯದರಲ್ಲಿ ಹೊಗೆಯು ಇನ್ನೊಂದು ಕವಾಟದಿಂದ ಹೊರಬೀಳುವುದು. ದುಡಿಯದ ಮೂರು ನಡೆಗಳನ್ನು ಫ್ಲೈವೀಲೆಂಬ ಭಾರದ ಚಕ್ರವು ತನ್ನ ವೇಗದಿಂದಲೇ ಸಾಗಿಸುತ್ತದೆ. ಇಷ್ಟಕ್ಕೆ ಕ್ರ್ಯಾಂಕು ದಂಡವು ಎರಡು ಸುತ್ತು ತಿರುಗುವುದು. ನಿಮಿಷಕ್ಕೆ 3,000 ಸುತ್ತಿನ ಎಂಜಿನಿನಲ್ಲಿ ಸೆಕೆಂಡಿಗೆ 25 ಸಲ ಬೆಂಕಿ ಹೊತ್ತುವುದೆಂದರೆ, ಎಣ್ಣೆಯಿಲ್ಲದ ಲೋಹದ ಗತಿಯನ್ನು ತಾವೇ ಊಹಿಸಬಹುದು.

ತೋಟದ ಸಣ್ಣ ಎರಡು ನಡೆಯ ಎಂಜಿನಿನಲ್ಲಿ ಪೆಟ್ರೋಲು ಕ್ರ್ಯಾಂಕಿನ ಮನೆಯ ಮೂಲಕವೇ ಹಾದುಹೋಗುವುದರಿಂದ ಅದರೊಡನೆ ಎಣ್ಣೆ ಬೆರೆಸಲೇಬೇಕು. ನಾಲ್ಕು ನಡೆಯದರಲ್ಲಿ ಪೆಟ್ರೋಲು ಆ ದಾರಿಯಲ್ಲಿ ಬರುವುದಿಲ್ಲ. ಅಲ್ಲಿ ಎಣ್ಣೆಯು ಬೇರೆಯಾಗಿ ಕೆಳಗೆ ನಿಂತಿದ್ದು, ಯಂತ್ರ ತಿರುಗುವಾಗ ಭಾಗಗಳಿಗೆ ಎರಚಲ್ಪಡುವುದು. ಆದುದರಿಂದ ಯಂತ್ರವನ್ನು ಇಳಿಜಾರಿನಲ್ಲಿ ಓರೆಯಾಗಿ ಇಟ್ಟು ನಡೆಸಬಾರದು. ಎಣ್ಣೆಯು ಒಂದು ಬದಿಗೆ ಸರಿದು ಇನ್ನೊಂದು ಬದಿ ಒಣಗುವುದು. ನಮ್ಮ ಗುಡ್ಡದ ಬದಿಯ ತೋಟಗಳಲ್ಲಿ ಇದನ್ನು ಗಮನಿಸುವವರು ವಿರಳ. ಅಶ್ವಶಕ್ತಿ ಎಷ್ಟೆಂದು ನೆರೆಯವರೊಡನೆ ಹೇಳಿಕೊಳ್ಳುವವರು ಮಾತ್ರ ಧಾರಾಳ!

ಮೇ ತಿಂಗಳಲ್ಲೇ ಯಜಮಾನರು ಆಳನ್ನು ಎದುರಿಗೆ ನಿಲ್ಲಿಸಿಕೊಂಡು, ಎಂಜಿನನ್ನು ಸಮತಟ್ಟಾದ ಅಂಗಳದಲ್ಲಿಟ್ಟು, ಹಳೆಯ ಎಣ್ಣೆಯನ್ನು ಬಸಿದು ಹೊಸದನ್ನು ಕಡ್ಡಿಯ ಗುರುತಿನವರೆಗೆ ತುಂಬಿಸತಕ್ಕದ್ದು. ಗಾಳಿಯ ಸೋಸುಕವನ್ನು ಶುಚಿಮಾಡಿ, ಒಂದು ಗಳಿಗೆ ಬರಿಯ ನೀರಿನಿಂದ ಪಂಪನ್ನು ನಡೆಸಿ ನೋಡತಕ್ಕದ್ದು. ಕೈಗೆ ಮಸಿ ತಗಲುವುದೆಂದು ಹಿಂಜರಿಯುವವರು, ಮರದ ಬುಡದಲ್ಲಿ ಉದುರಿದ ಎಳೆಯಡಕೆಯನ್ನು ಒಂದು ಸಲ ಬುಟ್ಟಿಯಲ್ಲಿ ಹೆಕ್ಕಿಸಿ ತೂಗಿ ನೋಡಲಿ.